ಬಿದ್ದ ಮೇಲೆ ಬನ್ನಿ

ಅಮೆರಿಕದ ಉತ್ತರ ಕೆರೊಲಿನಾದ ಹ್ಯಾಟರಸ್ ದ್ವೀಪದಲ್ಲಿ ಮತ್ತೊಂದು ಕಂಬದ ಮನೆ ಮಂಡಿಯೂರಿ ಸಮುದ್ರ ಸೇರಿದ ವಿಡಿಯೊ ನೀವೂ ನೋಡಿರುತ್ತೀರಿ. ಮೊದಲು ಸೆಪ್ಟಿಕ್ ಟ್ಯಾಂಕ್ ಬಯಲಾಗುತ್ತದೆ, ಆಮೇಲೆ ಮೆಟ್ಟಿಲು ತೇಲುತ್ತದೆ, ಕಂಬಗಳ ಬುಡ ಕಾಣುತ್ತದೆ, ಕೊನೆಗೆ ಮನೆ. ವರ್ಷಗಟ್ಟಲೆ ನಡೆಯುವ ಈ ಕಾರ್ಯಕ್ರಮಕ್ಕೆ ಜನ ಇಟ್ಟ ಹೆಸರು ‘ಇದ್ದಕ್ಕಿದ್ದಂತೆ’.

ಹ್ಯಾಟರಸ್‌ನಂಥ ಬ್ಯಾರಿಯರ್ ದ್ವೀಪ, ಅಂದರೆ ಕರಾವಳಿಯ ಉದ್ದಕ್ಕೂ ಚಾಚಿದ ಮರಳಿನ ಕಿರುಪಟ್ಟಿ, ನಡೆಯುವ ಮರಳು. ಬಿರುಗಾಳಿಯ ಅಲೆ ದಿಬ್ಬ ದಾಟಿ ಮರಳನ್ನು ಹಿಂದಿನ ಹಿನ್ನೀರಿನ ಕಡೆ ಎಸೆಯುತ್ತದೆ. ಮುಂದೆ ಸವೆತ, ಹಿಂದೆ ಭರ್ತಿ; ದ್ವೀಪ ಹೀಗೇ ಉರುಳುತ್ತಾ ಬದುಕುತ್ತದೆ. ನಾವು ಅದಕ್ಕೆ ಸೈಟ್ ನಂಬರು ಕೊಟ್ಟು ನೋಂದಣಿ ಮಾಡಿಸಿದೆವು. ರಸ್ತೆ ದಾಟಿದ ಮರಳನ್ನಂತೂ ಬುಲ್ಡೋಜರ್ ಹಾಕಿ ಸಮುದ್ರದ ಕಡೆಗೇ ತಳ್ಳುತ್ತೇವೆ. ದ್ವೀಪ ಹಿಂಬದಿಯಲ್ಲಿ ಕೂಡಿಟ್ಟದ್ದನ್ನು ಮುಂಬಾಗಿಲಿಗೆ ಸುರಿದು, ದ್ವೀಪ ತೆಳ್ಳಗಾಯಿತು ಎಂದು ಕಣ್ಣೀರಿಡುತ್ತೇವೆ.

ಮೇರಿಲ್ಯಾಂಡ್ ರಾಜ್ಯದ ಇಂಥದೇ ದ್ವೀಪದ ಮೇಲಿರುವ ಓಷನ್ ಸಿಟಿಯದು ಇನ್ನೂ ಚಂದ. 1933ರ ಚಂಡಮಾರುತ ದ್ವೀಪವನ್ನು ಸೀಳಿತು. ದೋಣಿಗಳಿಗೆ ದಾರಿಯಾಯಿತಲ್ಲ ಎಂದು ಖುಷಿಪಟ್ಟು ಎರಡೂ ಕಡೆ ಸಮುದ್ರದೊಳಕ್ಕೆ ಚಾಚಿದ ಕಲ್ಲಿನ ಗೋಡೆ, ಅಂದರೆ ಜೆಟ್ಟಿ, ಕಟ್ಟಿದರು. ಉತ್ತರದಿಂದ ದಕ್ಷಿಣಕ್ಕೆ ಹೊರಟಿದ್ದ ಮರಳು ಜೆಟ್ಟಿಗೆ ತಡೆದು ನಿಂತಿತು. ಬೆಳೆದ ದಂಡೆಯ ಮೇಲೆ ಪಾರ್ಕಿಂಗ್ ಲಾಟ್ ಬಂತು. ದಕ್ಷಿಣದ ಅಸಾಟೀಗ್ ದ್ವೀಪ ಮರಳಿಲ್ಲದೆ ಸೊರಗಿ ಪಶ್ಚಿಮಕ್ಕೆ ಸರಿಯಿತು. ಅಲ್ಲಿರುವುದು ಕಾಡುಕುದುರೆಗಳು. ಅವಕ್ಕೆ ಪಾರ್ಕಿಂಗ್ ಬೇಕಿಲ್ಲ, ಮತವೂ ಇಲ್ಲ.

ಇನ್ನು ಮರಳು ತುಂಬುವ ಯೋಜನೆ. ಸಮುದ್ರತಳದಿಂದ ಹೀರಿ ಪೈಪಿನಲ್ಲಿ ತಂದು ದಂಡೆಗೆ ಸುರಿಯುವುದು. ತಂದ ಮರಳು ಮೂಲದ್ದಕ್ಕಿಂತ ನುಣುಪಾಗಿದ್ದರೆ ಬೇಗ ಹೋಗುತ್ತದೆ. ಸರಿಯಾಗಿ ಹೊಂದಿದರೂ ಒಂದಷ್ಟು ಭಾಗ ನೀರೊಳಗಿನ ಇಳಿಜಾರು ತುಂಬಲು ಇಳಿಯಲೇಬೇಕು. ಲೆಕ್ಕದಲ್ಲಿ ಅದೂ ಸೇರಿರುತ್ತದೆ. ಆದರೂ ಮೊದಲ ಚಳಿಗಾಲ ಕಳೆದಾಗ ‘ಮರಳು ಕಳುವಾಯಿತು’ ಎಂಬ ಗದ್ದಲ, ಕೆಲವು ವರ್ಷಕ್ಕೆ ಮತ್ತೊಂದು ಟೆಂಡರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವುದಕ್ಕೂ ಇಷ್ಟು ಅಚ್ಚುಕಟ್ಟಾದ ವೇಳಾಪಟ್ಟಿ ಇರಲಿಲ್ಲ.

ಸರ್ಕಾರಕ್ಕೆ ಉಪಾಯ ಗೊತ್ತಿಲ್ಲವೇ? ಗೊತ್ತಿದೆ. 1870ರ ಹ್ಯಾಟರಸ್ ದೀಪಸ್ತಂಭದ ಬುಡಕ್ಕೆ ಸಮುದ್ರ ಬಂದಾಗ, 1999ರಲ್ಲಿ ಆ ಇಟ್ಟಿಗೆ ಗೋಪುರವನ್ನು ಇಡಿಯಾಗಿ ಎತ್ತಿ, ಉರುಳೆಗಳ ಮೇಲೆ ಜಾರಿಸಿ, 23 ದಿನದಲ್ಲಿ 2,900 ಅಡಿ ಹಿಂದಕ್ಕೆ ಒಯ್ದರು. ಬೀಳಲಿ, ಆಮೇಲೆ ನೋಡೋಣ ಎನ್ನಲಿಲ್ಲ.

ಮನೆಗಳಿಗೆ ಮಾತ್ರ ಅದನ್ನೇ ಹೇಳುವುದು. ಬೀಳಲಿರುವ ಮನೆಯನ್ನು ಮೊದಲೇ ಸಾಗಿಸಲು ವಿಮೆಯ 40 ಶೇಕಡಾ ಕೊಡುವ ನಿಯಮವೊಂದು ಎಂಬತ್ತರ ದಶಕದ ಕೊನೆಗೆ ಬಂದಿತ್ತು. 1994ರಲ್ಲಿ ರದ್ದು. ಈಗ ಕೇಂದ್ರದ ಪ್ರವಾಹ ವಿಮೆ ಗರಿಷ್ಠ 2,50,000 ಡಾಲರ್ ಕೊಡುತ್ತದೆ, ಆದರೆ ಮನೆ ಬಿದ್ದ ಮೇಲೆ. ಹಾಗಾಗಿ ಮಾಲೀಕ ಕಾಯುತ್ತಾನೆ, ಮನೆ ಬೀಳುತ್ತದೆ, ಮೊಳೆ, ಹಲಗೆ, ಫೈಬರ್‌ಗ್ಲಾಸ್ ಮೈಲುಗಟ್ಟಲೆ ದಂಡೆಗೆ ಹರಡುತ್ತವೆ, ಹೆಕ್ಕಲು ಸ್ವಯಂಸೇವಕರು ಬರುತ್ತಾರೆ. ಇದಕ್ಕೆ ನಾವು ‘ಅಭಿವೃದ್ಧಿ ಮತ್ತು ಸಂರಕ್ಷಣೆಯ ಸಮತೋಲನ’ ಎನ್ನುತ್ತೇವೆ. ಸಾಕಾಗಿದೆ ಈ ಪದ ಕೇಳಿ. ತೂಗಲು ಎರಡು ತಟ್ಟೆ ಬೇಕು. ಇಲ್ಲಿರುವುದು ಒಂದೇ ತಟ್ಟೆ, ಅದರೊಳಗೆ ಸಾರ್ವಜನಿಕರ ದುಡ್ಡು.

1982ರ ಕಾನೂನೊಂದು ಸರಳವಾಗಿತ್ತು: ಗುರುತು ಹಾಕಿದ ದ್ವೀಪಭಾಗಗಳಲ್ಲಿ ಬೇಕಾದರೆ ಕಟ್ಟಿಕೋ, ಕೇಂದ್ರದ ಹಣ ಕೇಳಬೇಡ, ಪ್ರವಾಹ ವಿಮೆಯನ್ನೂ ಕೇಳಬೇಡ. ನಿಷೇಧವೇ ಇಲ್ಲ! ಆದರೂ ನಮ್ಮ ಸೈಟನ್ನು ಆ ನಕ್ಷೆಯಿಂದ ಬಿಡಿಸಿಕೊಡಿ ಎಂಬ ಅರ್ಜಿ ನಿಂತಿಲ್ಲ.

ಅಂದಹಾಗೆ, ಉತ್ತರ ಕೆರೊಲಿನಾದಲ್ಲಿ ಸಮುದ್ರಕ್ಕೆ ತಡೆಗೋಡೆ ಕಟ್ಟುವಂತಿಲ್ಲ. 6 ಅಡಿ ಎತ್ತರ, 20 ಅಡಿ ಅಗಲದ ಮರಳುಚೀಲದ ರಾಶಿ ಹಾಕಬಹುದು, ‘ತಾತ್ಕಾಲಿಕ’ವಾಗಿ. ವಿಡಿಯೊದಲ್ಲಿ ಬಿದ್ದ ಮನೆಯ ಪಕ್ಕದ್ದನ್ನು ಗಮನಿಸಿದಿರಾ? ಅದರ ಸೆಪ್ಟಿಕ್ ಟ್ಯಾಂಕ್ ಆಗಲೇ ಹೊರಗೆ ಇಣುಕುತ್ತಿದೆ.