ಇಪ್ಪತ್ಮೂರು ಶಾಲು, ಮೂರೂವರೆ ಹಾಡು

ನಮ್ಮ ಹಾಸನದ ಗಿಟಾರ್ ಬ್ಯಾಂಡೊಂದು ಎರಡು ವರ್ಷ ಬಾಳಿ ಕಣ್ಮುಚ್ಚಿತು. ಅಷ್ಟರಲ್ಲಿ ಅದು 7 ವೇದಿಕೆ ಹತ್ತಿತು, 23 ಶಾಲು ಗಳಿಸಿತು, ಮೂರೂವರೆ ಹಾಡು ನುಡಿಸಿತು.

ನಾಲ್ವರು ಹುಡುಗರೂ ಶ್ರದ್ಧೆಯವರೇ. ಸಾಲಗಾಮೆ ರಸ್ತೆ ಕಡೆಯ ಬಾಡಿಗೆ ಮಹಡಿಯಲ್ಲಿ ಕೂತು, ಎಫ್ ಕಾರ್ಡ್ ಎಂಬ ಸ್ವರಗುಚ್ಛಕ್ಕೆ ತೋರುಬೆರಳನ್ನು ಆರೂ ತಂತಿಯ ಮೇಲೆ ಅಡ್ಡ ಒತ್ತಿ ಒತ್ತಿ ಜಡ್ಡುಗಟ್ಟಿಸಿಕೊಂಡವರು. ಮಳೆಗಾಲದಲ್ಲಿ ಉಕ್ಕಿನ ತಂತಿಗೆ ತುಕ್ಕು ಬಾರದಂತೆ ಮಗುವಿನ ಮೈ ಒರೆಸಿದ ಹಾಗೆ ಒರೆಸಿಟ್ಟವರು. ಅವರಿಗೆ ಗೊತ್ತಿಲ್ಲದ್ದು ಒಂದೇ. ನಮ್ಮೂರಿನ ಕರೆಯೋಲೆಯಲ್ಲಿ ಹಾಡು ವಂದನಾರ್ಪಣೆಯ ಕೆಳಗೆ ಬರುತ್ತದೆ.

ಮೊದಲ ಕಾರ್ಯಕ್ರಮ ಗಣಪತಿ ಪೆಂಡಾಲಿನದು. ಸಂಜೆ 6ಕ್ಕೆ ಸರಿಯಾಗಿ ಎಂದು ಅಚ್ಚಾಗಿತ್ತು, ಗಣ್ಯರು ಏಳೂಮುಕ್ಕಾಲಿಗೆ ಬಂದರು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ. ಗಾಳಿಗೆ ಮೂರು ಸಲ ಆರಿದ ದೀಪಕ್ಕೆ ಮೂರು ಸಲ ಫೋಟೊ. ಆಮೇಲೆ ಮಾತು ಶುರುವಾಯಿತು ನೋಡಿ. ಒಬ್ಬರು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣಕ್ಕೆ ಹೋದರು. 1920ರಲ್ಲಿ ಅಲ್ಲಿ ಹುಟ್ಟಿದ ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಹಾಡಿದರು ಎಂದರು, ನಿಜ. ಆದರೆ ಅವರ ಗುಣಗಾನಕ್ಕೆ ಹಿಡಿದ ಹೊತ್ತಿನಲ್ಲಿ ಸ್ವತಃ ಶ್ರೀಕಂಠನ್ ಒಂದು ತೋಡಿ ರಾಗ ಮುಗಿಸಿಬಿಡುತ್ತಿದ್ದರು. ಇನ್ನೊಬ್ಬರು ಬೇಲೂರಿಗೆ ತಿರುಗಿ, 1117ರಲ್ಲೇ ಮದನಿಕೆಯ ಕೈಯಲ್ಲಿ ಗಿಟಾರ್ ಇತ್ತು ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. (ಮದ್ದಳೆ ಬಾರಿಸುವವಳನ್ನು ನಾನು ಕಂಡಿದ್ದೇನೆ. ಗಿಟಾರಿನವಳು ಬಹುಶಃ ಸೌಂಡ್ ಚೆಕ್‌ಗೆ ಹೋಗಿದ್ದಳು.)

ಹುಡುಗರು ಮೆಲ್ಲಗೆ, "ಅಣ್ಣಾ, ಒಂದ್ಸಲ ಸೌಂಡ್ ಚೆಕ್..." ಎಂದರು.

"ಹಲೋ ಹಲೋ ಅಂತ ಆಗ್ಲೇ ಮಾಡಾಯ್ತಲ್ಲಪ್ಪ!"

ಆಮೇಲೆ ಸನ್ಮಾನ. ಇನ್ನೂ ಒಂದು ಸ್ವರ ಹೊರಡಿಸದವರ ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೊರಳಿಗೆ ಗಂಧದ ಹಾರ, ಕೈಗೆ ಹಣ್ಣಿನ ಬುಟ್ಟಿ. ಬುಟ್ಟಿ ಹಿಡಿದವನು ಗಿಟಾರ್ ಹಿಡಿಯುವುದು ಯಾವ ಕೈಯಲ್ಲಿ? ಹಾರ ತಂತಿಗೆ ತಾಗಿ ಗಿಲಗಿಲ ಅಂದದ್ದನ್ನೇ ಜನ ಹೊಸ ಶೈಲಿ ಎಂದುಕೊಂಡರು. ಹೊತ್ತು ಒಂಬತ್ತೂ ಐವತ್ತೆರಡು. "ಮೂರು ಹಾಡು ಬ್ಯಾಡ ಮಗಾ, ಒಂದು ಸಾಕು" ಎಂದರು ಸಂಘದವರು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ 10 ಹೊಡೆಯಿತು. ರಾತ್ರಿ 10ರ ಮೇಲೆ ಧ್ವನಿವರ್ಧಕ ಕೂಡದೆಂಬ 2000ದ ನಿಯಮ ಪೊಲೀಸರಿಗೆ ನೆನಪಾಗುವುದು ಸರಿಯಾಗಿ ಆಗಲೇ. ಆ ಅರ್ಧ ಹಾಡು ಅದೇ.

ಮುಂದಿನ ಆರು ವೇದಿಕೆಗಳ ಕಥೆಯೂ ಇದೇ, ದಾಟಿಬಿಡೋಣ. ಕೆಲವಲ್ಲಿ ಅಷ್ಟೂ ಇಲ್ಲ, ಬರೀ ಬುಟ್ಟಿ.

ಬ್ಯಾಂಡು ಒಡೆದದ್ದು ಶಾಲಿಗೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ದಿ ಸ್ಮಿತ್ಸ್ ಎಂಬ ನಾಲ್ವರ ಬ್ಯಾಂಡು 1982ರಲ್ಲಿ ಹುಟ್ಟಿ ನಾಲ್ಕು ಆಲ್ಬಮ್ ಮಾಡಿ 1987ಕ್ಕೆ ಮುಗಿಯಿತು. ಲಾಭದಲ್ಲಿ ತನಗೆ ಶೇ. 10 ಅಲ್ಲ, ಕಾಲುಪಾಲು ಬರಬೇಕೆಂದು ಅದರ ಡ್ರಮ್ಮರ್ ಮೈಕ್ ಜಾಯ್ಸ್ ಕೋರ್ಟಿಗೆ ಹೋಗಿ 1996ರಲ್ಲಿ ಗೆದ್ದ. ನಮ್ಮ ಡ್ರಮ್ಮರ್ ದೂರು ಅದಕ್ಕಿಂತ ಗಟ್ಟಿ. ಹಿಂದೆ ಕೂತವನು ಫೋಟೊಗೆ ಸಿಗುವುದಿಲ್ಲ, ಹಾಗಾಗಿ ಐದು ಕಡೆ ಅವನಿಗೆ ಶಾಲೇ ಇಲ್ಲ. ಮೂವರಿಗೆ ತಲಾ 7, ಅವನಿಗೆ 2. ಎಲ್ಲ ಒಟ್ಟುಹಾಕಿ ಹಂಚೋಣ ಎಂದರೆ ತಲೆಗೆ 5 ಬಂದು 3 ಉಳಿಯುತ್ತವೆ. ಆ ಮೂರರ ಮೇಲೆ ಮಾತು ಬೆಳೆದು, ಬಾಸ್ ಗಿಟಾರಿನವನು ಬೆಂಗಳೂರಿನ ಕಂಪನಿ ಸೇರಿದ.

ಸುದ್ದಿ ತಿಳಿದ ಸಂಘದವರಿಗೆ ಬಹಳ ಬೇಜಾರಾಯಿತು. ಬೀಳ್ಕೊಡುಗೆ ಸನ್ಮಾನ ಇಟ್ಟುಕೊಂಡರು. ಡ್ರಮ್ಮರ್ ಒಬ್ಬನೇ ಬಂದಿದ್ದ. ಒಂದು ಶಾಲು ಹೊದಿಸಿದರು.

24 ಆಯಿತು. ತಲೆಗೆ ಸರಿಯಾಗಿ 6.