ಗುಟ್ಟಿನಲ್ಲಿ ಮಾತ್ರೆ ನುಂಗುವವರ ಕಚೇರಿಗಳು

ವೈಟ್‌ಫೀಲ್ಡಿನಲ್ಲಿ ನೌಕರಿ ಮಾಡುವ ನನ್ನ ತಂಗಿಯ ಮಗನಿಗೆ ಮೂರ್ಛೆರೋಗವಿದೆ. ಈ ಸಲ ನಾನು ಬೆಂಗಳೂರಿಗೆ ಬಂದಿದ್ದಾಗ ಅವನಿಗೆ ಕಚೇರಿಯಲ್ಲಿಯೇ ಫಿಟ್ಸ್ ಬಂದಿತು. ಜೊತೆಗಿದ್ದವರು ಓಡಿಬಂದು ಕೈಗೆ ಬೀಗದ ಕೈಗಳ ಗೊಂಚಲನ್ನು ತುರುಕಿದರು, ಹಲ್ಲುಗಳ ನಡುವೆ ಚಮಚ ಇಡಲು ನೋಡಿದರು, ಕೈಕಾಲುಗಳನ್ನು ಅದುಮಿ ಹಿಡಿದರು. ಅಕ್ಕರೆಯಿಂದ ಮಾಡಿದ್ದಾದರೂ ಮೂರೂ ತಪ್ಪು. ಫಿಟ್ಸ್ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಆ ಹೊತ್ತಿಗೆ ಕೈಯಲ್ಲಿದ್ದ ಕಬ್ಬಿಣಕ್ಕೆ ಹೆಸರು ಬರುತ್ತದೆ, ಅಷ್ಟೆ. ತಲೆಯ ಕೆಳಗೆ ಮೆತ್ತಗಿನದೇನನ್ನಾದರೂ ಇಟ್ಟು, ಗಡಿಯಾರ ನೋಡುತ್ತಿದ್ದು, ನಡುಕ ನಿಂತ ಮೇಲೆ ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು. 5 ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಬೇಕು.

ಮರುವಾರ ಕಚೇರಿಯವರು ಅವನಿಗೆ, ‘ಪೂರ್ತಿ ಗುಣವಾದ ಮೇಲೆ ಬನ್ನಿ’ ಎಂದರು.

ನಾನಿರುವ ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ನನ್ನ ಕೈಕೆಳಗೆ ಕೆಲಸ ಮಾಡುವ ಒಬ್ಬಾಕೆಗೂ ಇದೇ ಕಾಯಿಲೆಯಿದೆ. ಅಲ್ಲಿನ 2010ರ ಸಮಾನತಾ ಕಾಯ್ದೆಯ ಪ್ರಕಾರ, ಮಾತ್ರೆಯಿಂದ ಕಾಯಿಲೆ ಹತೋಟಿಯಲ್ಲಿದ್ದರೂ ತಾರತಮ್ಯದ ವಿರುದ್ಧದ ರಕ್ಷಣೆ ತಪ್ಪುವುದಿಲ್ಲ. ಆಕೆ ವಿಷಯ ತಿಳಿಸಿದ ದಿನ ನಾವಿಬ್ಬರೂ ಕುಳಿತು ಅವಳ ಕೆಲಸಗಳನ್ನು ಒಂದೊಂದಾಗಿ ನೋಡಿದೆವು: ಉಗ್ರಾಣದ ಏಣಿ ಹತ್ತುವುದು ಬೇಡ, ನಿದ್ದೆಗೆಟ್ಟರೆ ಫಿಟ್ಸ್ ಮರುಕಳಿಸಬಹುದಾದ್ದರಿಂದ ರಾತ್ರಿ ಪಾಳಿ ಬೇಡ, ಕಂಪ್ಯೂಟರಿಗೆ ಅಡ್ಡಿಯಿಲ್ಲ. ಮಿನುಗುವ ಬೆಳಕಿನಿಂದ ಫಿಟ್ಸ್ ಬರುವುದು ಈ ಕಾಯಿಲೆಯುಳ್ಳ ನೂರರಲ್ಲಿ ಸುಮಾರು 3 ಜನರಿಗೆ ಮಾತ್ರ. ಕಾರು ಓಡಿಸುವಂತಿಲ್ಲದವರ ಟ್ಯಾಕ್ಸಿ ಖರ್ಚಿಗೆ ಸರ್ಕಾರದ ‘ಆಕ್ಸೆಸ್ ಟು ವರ್ಕ್’ ಯೋಜನೆಯ ನೆರವೂ ಸಿಗಬಹುದು. ಹಾಗೆಂದು ಅಲ್ಲಿ ಎಲ್ಲವೂ ಸೊಗಸೆಂದು ಹೇಳಲಾರೆ. ನಮೂನೆ ಭರ್ತಿಯಾದ ಮೇಲೆ ಆಕೆಯನ್ನು ‘ಊಟ ಆಯಿತೆ’ ಎಂದು ಕೇಳಿದವರಿಲ್ಲ; ಇಲ್ಲಿ ಸಹೋದ್ಯೋಗಿಯೊಬ್ಬ ನಮ್ಮ ಹುಡುಗನನ್ನು ಆಟೋದಲ್ಲಿ ಮನೆಗೆ ಕರೆತಂದು, ತಂಗಿ ಬರುವವರೆಗೂ ಪಕ್ಕದಲ್ಲಿ ಕುಳಿತಿದ್ದ.

ಆದರೆ ಆ ಸಹೋದ್ಯೋಗಿಗೂ ಅಂದಿನವರೆಗೆ ವಿಷಯ ಗೊತ್ತಿರಲಿಲ್ಲ. ನಿಜವಾದ ಅಪಾಯವಿರುವುದು ಈ ಗುಟ್ಟಿನಲ್ಲಿ ಎಂದು ನನಗನಿಸುತ್ತದೆ. ಕಾರಣ ಹೇಳಬೇಕಾದೀತೆಂಬ ಅಂಜಿಕೆಯಿಂದ ಹುಡುಗ ರಾತ್ರಿ ಪಾಳಿಯನ್ನು ಬೇಡವೆನ್ನಲಿಲ್ಲ, ಯಾರಾದರೂ ನೋಡಿಯಾರೆಂದು ಮಾತ್ರೆಯ ಹೊತ್ತನ್ನೂ ತಪ್ಪಿಸಿದ. ಮೂರ್ಛೆರೋಗ ಮದುವೆಗೆ ಅಡ್ಡಿಯೆಂಬ ಮಾತನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲಿಯೇ ಕಿತ್ತುಹಾಕಲಾಗಿದ್ದರೂ, ಸಂಬಂಧ ಕುದುರುವವರೆಗೆ ಯಾರಿಗೂ ತಿಳಿಯಬಾರದೆಂಬುದು ತಂಗಿಯ ಹಟ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಸೂಕ್ತ ಹೊಂದಾಣಿಕೆಯ, ಅಂದರೆ ನೌಕರನ ಸ್ಥಿತಿಗೆ ತಕ್ಕಂತೆ ಕೆಲಸವನ್ನು ಮಾರ್ಪಡಿಸಿಕೊಡುವ ಮಾತನ್ನಾಡುತ್ತದೆಯಾದರೂ, ಅದರ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಲ್ಲಿ ಮೂರ್ಛೆರೋಗಕ್ಕೆ ಪ್ರತ್ಯೇಕ ಹೆಸರಿಲ್ಲ. ಹೀಗಿರುವಾಗ ಮೊದಲು ಬಾಯಿಬಿಡಬೇಕಾದವನು ನೌಕರನಲ್ಲ; ‘ಹೇಳಿದರೆ ಕೆಲಸ ಹೋಗದು, ಪಾಳಿ ಬದಲಾದೀತು’ ಎಂದು ಕಚೇರಿಯೇ ಮುಂಚಿತವಾಗಿ ಬರೆದುಕೊಡಬೇಕು.

‘ಮಾಮ, ಈಗ ನಾನೇನು ಮಾಡಲಿ?’ ಎಂದು ಅವನು ಕೇಳಿದ. ಪಕ್ಕದ ಮೇಜಿನವನಿಗೆ ಮೊದಲು ಎಲ್ಲವನ್ನೂ ಹೇಳು, ಯಾವ ಕೆಲಸ ಮಾಡಬಲ್ಲೆ, ಯಾವುದು ಕೂಡದು ಎಂದು ವೈದ್ಯರಿಂದ ಪತ್ರ ಬರೆಸಿಕೊಂಡು ಆಮೇಲೆ ಕಚೇರಿಯವರ ಮುಂದೆ ಕುಳಿತುಕೋ ಎಂದೆ. ಮುಂದಿನ ವಾರ ನಿಮ್ಹಾನ್ಸ್‌ಗೆ ಹೋಗುತ್ತಿದ್ದಾನೆ. ತಂಗಿಯೂ ಜೊತೆಗೆ ಹೊರಟಿದ್ದಾಳೆ, ಅರೆಮನಸ್ಸಿನಿಂದ.