ರಾಜಭವನದ ಕುರ್ಚಿ, ದೆಹಲಿಯ ಮರ್ಜಿ

ವಿರೋಧ ಪಕ್ಷದಲ್ಲಿದ್ದಾಗ ‘ರಾಜ್ಯಪಾಲರು ಕೇಂದ್ರದ ಏಜೆಂಟರು’ ಎಂದು ಬೀದಿಗಿಳಿಯುವವರೇ ದೆಹಲಿಯ ಗದ್ದುಗೆ ಏರಿದ ಮೇಲೆ ‘ರಾಜ್ಯಪಾಲರ ಹುದ್ದೆಯ ಘನತೆ ಕಾಪಾಡಿ’ ಎಂದು ಉಪದೇಶ ಮಾಡುತ್ತಾರೆ. ಈ ಆಟದಲ್ಲಿ ಯಾವ ಪಕ್ಷವೂ ಸಾಚಾ ಅಲ್ಲ. ಆದ್ದರಿಂದ ಯಾರೋ ಒಬ್ಬ ರಾಜ್ಯಪಾಲರನ್ನು ಬೈದು ಲೈಕ್ ಗಿಟ್ಟಿಸುವುದು ನನ್ನ ಉದ್ದೇಶವಲ್ಲ. ದೋಷ ಕೂತವರಿಗಿಂತ ಕುರ್ಚಿಯಲ್ಲೇ ಹೆಚ್ಚಿದೆ ಎನ್ನುವುದು ನನ್ನ ವಾದ.

ಆ ಕುರ್ಚಿ ಬ್ರಿಟಿಷರದು. 1935ರ ಭಾರತ ಸರ್ಕಾರ ಕಾಯ್ದೆ ಪ್ರಾಂತ್ಯಗಳಿಗೆ ಚುನಾಯಿತ ಮಂತ್ರಿಮಂಡಲ ಕೊಟ್ಟಿತು, ಅದರ ತಲೆಯ ಮೇಲೆ ವಿವೇಚನಾಧಿಕಾರವುಳ್ಳ, ಅಂದರೆ ಮಂತ್ರಿಗಳ ಸಲಹೆಯಿಲ್ಲದೆ ತಾನೇ ನಿರ್ಧರಿಸಬಲ್ಲ ಗವರ್ನರ್‌ನನ್ನೂ ಕೂರಿಸಿತು. ಆಡಳಿತ ಕುಸಿದಿದೆ ಎಂದು ಗವರ್ನರ್‌ಗೆ ಅನ್ನಿಸಿದರೆ 93ನೇ ಸೆಕ್ಷನ್ ಪ್ರಕಾರ ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಳ್ಳಬಹುದಿತ್ತು. 1937ರ ಚುನಾವಣೆ ಗೆದ್ದ ಕಾಂಗ್ರೆಸ್, ಗವರ್ನರ್‌ಗಳು ದಿನನಿತ್ಯದ ಆಡಳಿತದಲ್ಲಿ ಮೂಗು ತೂರಿಸುವುದಿಲ್ಲ ಎಂಬ ಭರವಸೆ ಬೇಡಿ ಜುಲೈವರೆಗೂ ಅಧಿಕಾರ ವಹಿಸಿಕೊಳ್ಳಲಿಲ್ಲ. ಅದೇ 93ನೇ ಸೆಕ್ಷನ್ ವೇಷ ಬದಲಿಸಿಕೊಂಡು ರಾಜ್ಯ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರುವ ನಮ್ಮ ಸಂವಿಧಾನದ 356ನೇ ವಿಧಿಯಾಯಿತು. ಅದು ಬಳಕೆಯಾಗದೆ ಪುಸ್ತಕದಲ್ಲೇ ಉಳಿಯಲಿ ಎಂದು ಅಂಬೇಡ್ಕರ್ ಆಶಿಸಿದ್ದರು.

ಹಲವರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. 1947ರಲ್ಲಿ ಸಂವಿಧಾನ ರಚನಾ ಸಭೆ ಒಪ್ಪಿದ್ದು ಜನರೇ ನೇರವಾಗಿ ಆರಿಸುವ ರಾಜ್ಯಪಾಲರನ್ನು. 1949ರ ಮೇ ತಿಂಗಳ ಹೊತ್ತಿಗೆ ಗಾಳಿ ತಿರುಗಿತು. ದೇಶ ಒಡೆದ ಗಾಯ ಇನ್ನೂ ಹಸಿಯಾಗಿತ್ತು. ಚುನಾಯಿತ ರಾಜ್ಯಪಾಲ ಮುಖ್ಯಮಂತ್ರಿಗೆ ಪೈಪೋಟಿಯಾಗುತ್ತಾನೆ, ಪ್ರಾಂತೀಯ ಪ್ರತ್ಯೇಕತೆಗೆ ದಾರಿಯಾಗುತ್ತದೆ, ರಾಜಕೀಯದ ಹೊರಗಿನ ಹಿರಿಯರನ್ನು ನೇಮಿಸೋಣ ಎಂಬ ವಾದಕ್ಕೆ ನೆಹರೂ ಬೆಂಬಲವೂ ಸಿಕ್ಕಿತು. ವಾದ ಪೊಳ್ಳೇನಲ್ಲ. ಆದರೆ ಚುನಾವಣೆ ಕೈಬಿಟ್ಟವರು ವಿವೇಚನಾಧಿಕಾರವನ್ನು ಕೈಬಿಡಲಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಆ ಮಾತುಗಳನ್ನೇ ಅಳಿಸಿಹಾಕಿ ಎಂದು ತಿದ್ದುಪಡಿ ತಂದರು. ಅದು ಬಿದ್ದುಹೋಯಿತು.

1956ರ ನವೆಂಬರ್ 1ಕ್ಕೆ ಮುಂಚೆ ಕನ್ನಡಿಗರ ಮೇಲೆ ಎಷ್ಟು ಬಗೆಯ ಮುಖ್ಯಸ್ಥರಿದ್ದರು ನೋಡಿ. ಧಾರವಾಡದವರಿಗೆ ಮುಂಬಯಿಯ ಗವರ್ನರ್, ಕಲಬುರಗಿಯವರಿಗೆ ಹೈದರಾಬಾದಿನಲ್ಲಿ ರಾಜಪ್ರಮುಖನಾಗಿದ್ದ (ಹಳೆಯ ಸಂಸ್ಥಾನಗಳಲ್ಲಿ ರಾಜ್ಯಪಾಲರ ಸ್ಥಾನದಲ್ಲಿದ್ದ ಹುದ್ದೆ) ನಿಜಾಮ, ಮಂಗಳೂರಿನವರಿಗೆ ಮದ್ರಾಸಿನ ಗವರ್ನರ್, ಕೊಡಗಿಗೆ ಮುಖ್ಯ ಆಯುಕ್ತ, ಮೈಸೂರಿಗೆ ರಾಜಪ್ರಮುಖ ಜಯಚಾಮರಾಜ ಒಡೆಯರ್. ಏಕೀಕರಣವಾದಾಗ ಒಡೆಯರೇ ಮೊದಲ ರಾಜ್ಯಪಾಲರಾದರು, 1964ರವರೆಗೆ ಇದ್ದರು. ಮಹಾರಾಜರು ಬಿಟ್ಟ ಕುರ್ಚಿಯಲ್ಲಿ ಮುಂದೆ ವಿ.ವಿ. ಗಿರಿ, ಅವರ ಬೆನ್ನಿಗೆ ಜಿ.ಎಸ್. ಪಾಠಕ್ ಕೂತರು. ಇಬ್ಬರೂ ಬೆಂಗಳೂರಿನಿಂದ ನೇರ ಉಪರಾಷ್ಟ್ರಪತಿ ಸ್ಥಾನಕ್ಕೆ ಹೋದರು. ಆಗ ಅದು ಒಳ್ಳೆಯ ಮೆಟ್ಟಿಲಾಗಿತ್ತು ಅನ್ನಿ.

1959ರಲ್ಲಿ ವಜಾ ಆದ ಕೇರಳದ ನಂಬೂದಿರಿಪಾಡ್ ಸರ್ಕಾರ, 1984ರಲ್ಲಿ ವಜಾ ಆದ ಆಂಧ್ರದ ಎನ್.ಟಿ. ರಾಮರಾವ್ ಸರ್ಕಾರ, ಎಲ್ಲ ಕಥೆಗಳೂ ಓದತಕ್ಕವೇ. ಆದರೆ ಇಡೀ ದೇಶದ ಕಾನೂನು ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಪ್ರಕರಣ ನಮ್ಮದು. 1989ರ ಏಪ್ರಿಲ್. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಸಂಪುಟ ವಿಸ್ತರಣೆಯಾದ ಎರಡೇ ದಿನಕ್ಕೆ ಒಬ್ಬ ಶಾಸಕರು ರಾಜಭವನಕ್ಕೆ ಹೋಗಿ ಬೆಂಬಲ ಹಿಂತೆಗೆದುಕೊಂಡರು, ಮರುದಿನ 19 ಶಾಸಕರ ಪತ್ರಗಳನ್ನು ಕೊಟ್ಟರು. ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ 19ರಂದು ದೆಹಲಿಗೆ ವರದಿ ಕಳಿಸಿದರು. 20ರಂದು ಆ ಹತ್ತೊಂಬತ್ತರಲ್ಲಿ ಏಳು ಮಂದಿ, ನಮಗೆ ತಪ್ಪು ಹೇಳಿ ಸಹಿ ಹಾಕಿಸಿಕೊಂಡಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಬೊಮ್ಮಾಯಿಯವರು ಹೋಗಿ, 27ಕ್ಕೆ ಅಧಿವೇಶನವಿದೆ, ಬೇಕಿದ್ದರೆ ಮುಂಚೆಯೇ ಕರೆಯೋಣ, ಬಹುಮತವನ್ನು ಸದನದಲ್ಲೇ ನೋಡಿ ಎಂದರು. ರಾಜ್ಯಪಾಲರು ಒಪ್ಪಲಿಲ್ಲ, ಇನ್ನೊಂದು ವರದಿ ಬರೆದರು. 21ಕ್ಕೆ ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ. ಒಂದೇ ಒಂದು ವಾರ ಕಾದಿದ್ದರೆ ಕೈ ಎತ್ತಿಸಿ ಎಣಿಸುವಷ್ಟು ಸರಳವಾದ ಕೆಲಸವಿದು. ಆ ಆತುರ ಯಾರದು ಎಂದು ಬಿಡಿಸಿ ಹೇಳಬೇಕೇ?

ಬೊಮ್ಮಾಯಿಯವರು ಹೈಕೋರ್ಟಿನಲ್ಲಿ ಸೋತರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ವಜಾ ಆದೇಶ ಅಸಾಂವಿಧಾನಿಕ ಎಂದಿತು. ಬಹುಮತ ಪರೀಕ್ಷೆ ಆಗಬೇಕಾದದ್ದು ಸದನದಲ್ಲಿ, ರಾಜಭವನದ ಕೋಣೆಯಲ್ಲಲ್ಲ ಎಂಬುದು ಅಲ್ಲಿಂದ ದೇಶಕ್ಕೆಲ್ಲ ಕಾನೂನಾಯಿತು. ಬೊಮ್ಮಾಯಿಯವರಿಗೆ ಸಿಕ್ಕಿದ್ದು ಮಾತ್ರ ಕಾಗದದ ಗೆಲುವು. ಅಷ್ಟರಲ್ಲಿ ಚುನಾವಣೆ ಮುಗಿದು ಬೇರೆ ಸರ್ಕಾರ ಬಂದು ನಾಲ್ಕು ವರ್ಷ ದಾಟಿತ್ತು.

ತೀರ್ಪು ಬಂತಲ್ಲ, ರೋಗ ವಾಸಿಯಾಯಿತೇ? 2018ರಲ್ಲಿ ಇದೇ ಬೆಂಗಳೂರಿನಲ್ಲಿ 104 ಸ್ಥಾನ ಗೆದ್ದ ಪಕ್ಷಕ್ಕೆ ಬಹುಮತ ತೋರಿಸಲು ರಾಜ್ಯಪಾಲರು 15 ದಿನ ಕೊಟ್ಟರು. ಸುಪ್ರೀಂ ಕೋರ್ಟ್ ಮಧ್ಯರಾತ್ರಿ ಬಾಗಿಲು ತೆರೆದು ವಿಚಾರಣೆ ನಡೆಸಿತು, ಮುಂದೆ ಆ ಗಡುವನ್ನೂ ಮೊಟಕುಗೊಳಿಸಿತು. ಮೇ 17ರಂದು ಪ್ರಮಾಣವಚನ ಸ್ವೀಕರಿಸಿದ ಮುಖ್ಯಮಂತ್ರಿ 19ರಂದು ರಾಜೀನಾಮೆ ಕೊಟ್ಟರು. ಸರ್ಕಾರ ಬೀಳಿಸುವುದು ಕಷ್ಟವಾದ ಮೇಲೆ ಈಗ ಮಸೂದೆಗಳನ್ನು ಅಂಕಿತ ಹಾಕದೆ ಇಟ್ಟುಕೊಳ್ಳುವ ಉಪಾಯ ಬಂದಿದೆ. ತಮಿಳುನಾಡಿನ ಪ್ರಕರಣದಲ್ಲಿ 2025ರ ಏಪ್ರಿಲ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಇದಕ್ಕೆ ಕಾಲಮಿತಿ ಹಾಕಿದರು. ನವೆಂಬರ್‌ನಲ್ಲಿ ಐವರ ಪೀಠ, ನ್ಯಾಯಾಲಯ ಹಾಗೆ ಕಾಲಮಿತಿ ವಿಧಿಸಲಾಗದು ಎಂದು ಅಭಿಪ್ರಾಯಪಟ್ಟಿತು.

ನನ್ನ ಪ್ರಕಾರ ಗಂಟು ಇರುವುದು 156ನೇ ವಿಧಿಯಲ್ಲಿ. ರಾಜ್ಯಪಾಲರ ಅವಧಿ ಐದು ವರ್ಷ, ಆದರೆ ರಾಷ್ಟ್ರಪತಿಯವರ ಮರ್ಜಿ ಇರುವ ತನಕ ಮಾತ್ರ. ಅಂದರೆ ಕೇಂದ್ರ ಸಂಪುಟದ ಮರ್ಜಿ. ಬೊಮ್ಮಾಯಿಯವರ ಸರ್ಕಾರವನ್ನು ಕಳೆದುಕೊಂಡ ಜನತಾದಳದ ಕೈಗೇ 1989ರ ಕೊನೆಯಲ್ಲಿ ದೆಹಲಿ ಸಿಕ್ಕಿತು. ವಿ.ಪಿ. ಸಿಂಗ್ ಸರ್ಕಾರ ಮಾಡಿದ್ದೇನು? ರಾಜ್ಯಪಾಲರೆಲ್ಲರ ರಾಜೀನಾಮೆ ಕೇಳಿತು. 2004ರಲ್ಲಿ ಕಾಂಗ್ರೆಸ್ ನೇತೃತ್ವದ ಯುಪಿಎ ಸರ್ಕಾರ ನಾಲ್ವರನ್ನು ತೆಗೆಯಿತು. 2014ರಲ್ಲಿ ಸರ್ಕಾರ ಬದಲಾದಾಗ ಮತ್ತೆ ಹಲವರು ಪೆಟ್ಟಿಗೆ ಕಟ್ಟಿದರು. ಕಾರಣವಿಲ್ಲದೆ ತೆಗೆಯಕೂಡದು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಒಂದು ಫೋನ್ ಕರೆಗೆ ಹುದ್ದೆ ಬಿಡಬೇಕಾದವರಿಂದ ನಿಷ್ಪಕ್ಷಪಾತ ನಿರೀಕ್ಷಿಸುವುದು ಅವರ ಮೇಲೂ ಅನ್ಯಾಯ.

ಹುದ್ದೆಯನ್ನೇ ತೆಗೆದುಹಾಕಿ ಎಂಬ ಕೂಗಿಗೆ ನಾನು ದನಿಗೂಡಿಸುವುದಿಲ್ಲ. ಅತಂತ್ರ ವಿಧಾನಸಭೆ ಬಂದಾಗ ಯಾರಾದರೂ ಒಬ್ಬರು ಸರ್ಕಾರ ರಚನೆಗೆ ಕರೆಯಲೇಬೇಕು. ಆದರೆ ಕರೆಯುವವರಿಗೆ ಭದ್ರತೆ ಇರಲಿ. ಐದು ವರ್ಷದ ಖಚಿತ ಅವಧಿ ಕೊಡಿ, ತೆಗೆಯಲೇಬೇಕಾದರೆ ರಾಜ್ಯದ ಶಾಸನಸಭೆ ಮಹಾಭಿಯೋಗದ ಮೂಲಕ ತೆಗೆಯಲಿ ಎಂದು ಕೇಂದ್ರ-ರಾಜ್ಯ ಸಂಬಂಧಗಳ ಕುರಿತ ಪುಂಛಿ ಆಯೋಗ 2010ರಲ್ಲಿ ಹೇಳಿದೆ. ಕರ್ನಾಟಕದಿಂದ 28 ಮಂದಿ ಲೋಕಸಭೆಗೆ ಹೋಗುತ್ತಾರೆ. ಅವರಲ್ಲಿ ಒಬ್ಬರು 156ನೇ ವಿಧಿಯ ತಿದ್ದುಪಡಿಗೆ ಖಾಸಗಿ ಮಸೂದೆ ತರಲಿ. ಯಾವ ಪಕ್ಷದವರಾದರೂ ಸರಿ, ಅವರ ಭಾಷಣವನ್ನು ಈ ಗೋಡೆಯ ಮೇಲೆ ನಾನೇ ಹಂಚುತ್ತೇನೆ.